ಕರಿಯಪ್ಪ ತೋರಿಸಿದ ಪಿರೆ

ಪಾಲಮಲೆಯಲ್ಲಿ ಕರಿಯಪ್ಪನ ಮನೆಯ ಹಿಂದೆ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಅವನ ಹೆಂಡತಿ ಮಾದಮ್ಮ ರಾಗಿ ಒಣಗಿಸುತ್ತಾಳೆ, ಸೊಸೆ ಮುನಿಲಕ್ಷ್ಮಿ ಬಟ್ಟೆ ಹರವುತ್ತಾಳೆ, ಫೋನಿಗೆ ಸಿಗ್ನಲ್ ಬೇಕಾದವರು ಬಂದು ನಿಂತು ತಮ್ಮ ಮನೆಯ ಗುಟ್ಟನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಾರೆ. ವರ್ಷಕ್ಕೊಂದು ಸಂಜೆ ಮಾತ್ರ ಆ ಬಂಡೆಗೆ ಮರ್ಯಾದೆ. ರಂಜಾನಿನ ಇಪ್ಪತ್ತೊಂಬತ್ತನೇ ಉಪವಾಸದ ದಿನ ಬೆಟ್ಟದ ಕೆಳಗಿನ ಊರಿನಿಂದ ಮಸೀದಿಯ ಆಡಳಿತ ನೋಡುವ ಮುತ್ತವಲ್ಲಿ ದಸ್ತಗೀರ್ ಬಾಯ್ ಒಂದಿಷ್ಟು ಜನರನ್ನು ಕರೆದುಕೊಂಡು ಜೀಪಿನಲ್ಲಿ ಬರುತ್ತಾರೆ. ಪಿರೆ ನೋಡಲು. ಅಮಾವಾಸ್ಯೆ ಕಳೆದು ಮೊದಲು ಕಾಣುವ ಚಂದ್ರನ ಗೆರೆಯನ್ನು ಆ ಕಡೆಯವರೆಲ್ಲ ಪಿರೆ ಅಂತಲೇ ಅನ್ನುವುದು. ಅದು ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ.

ಕೆಳಗಿನ ಊರಿನಲ್ಲಿ ಪಡುವಣಕ್ಕೆ ಧೂಳು, ಮನೆ, ತೆಂಗಿನಮರ. ಇಲ್ಲಿ ಆಕಾಶ ಬೆಟ್ಟದ ಅಂಚಿನವರೆಗೂ ಬರಿದು. ಆದರೂ ಕಂಡೆ ಅಂದಮಾತ್ರಕ್ಕೆ ಆಗುವುದಿಲ್ಲ. ಅವರಲ್ಲೇ ಇಬ್ಬರು ತಮ್ಮ ಕಣ್ಣಿಂದ ಕಂಡಿರಬೇಕು. ದಸ್ತಗೀರ್ ಬಾಯ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಎಲ್ಲಿ ಕಂಡಿತು, ಎಷ್ಟು ಮೇಲಿತ್ತು, ಕೊಂಬು ಯಾವ ಕಡೆಗಿತ್ತು ಎಂದು ವಕೀಲನ ಹಾಗೆ ಕೇಳುತ್ತಾರೆ. ಉತ್ತರಗಳು ಒಂದಕ್ಕೊಂದು ಕೂಡಿದರೆ ಮಾತ್ರ ಕೆಳಗೆ ಫೋನು ಹೋಗುತ್ತದೆ. ಕರಿಯಪ್ಪ ಅವರ ಜಮಾತಿನವನಲ್ಲ, ಅವನ ಸಾಕ್ಷಿ ಅಲ್ಲಿ ನಡೆಯುವುದಿಲ್ಲ. ಆದರೆ ಮೊದಲು ಬೆರಳು ಎತ್ತಿ ತೋರಿಸುವವನು ಅವನೇ. ಕುರಿ ಕಾಯುವವನ ಕಣ್ಣು, ಹದ್ದಿಗೂ ಮುಂಚೆ ಮರಿಯನ್ನು ಕಾಣುವ ಕಣ್ಣು ಎಂದು ದಸ್ತಗೀರ್ ಬಾಯ್ ಎಲ್ಲರ ಎದುರು ಹೇಳುತ್ತಿದ್ದರು. ಆ ಮಾತಿನಲ್ಲಿ ಕರಿಯಪ್ಪ ಒಂದು ವರ್ಷ ಬದುಕುತ್ತಿದ್ದ.

ಅವನಿಗೂ ಪಿರೆಯದೊಂದು ಪದ್ಧತಿ ಇತ್ತು. ತಿಂಗಳು ತಿಂಗಳೂ ನೋಡುತ್ತಿದ್ದ. ಪಿರೆಯಿಂದ ಕಣ್ಣು ತೆಗೆದ ಕೂಡಲೇ ಒಂದು ಒಳ್ಳೆಯ ಮುಖ ನೋಡಬೇಕು, ಆಗ ತಿಂಗಳು ಚೆನ್ನಾಗಿ ಹೋಗುತ್ತದೆ ಎಂದು ಅವನ ನಂಬಿಕೆ. ಮೊದಲೆಲ್ಲ ಮಾದಮ್ಮನ ಮುಖ. ಮುನಿಲಕ್ಷ್ಮಿ ಮದುವೆಯಾಗಿ ಬಂದ ಮೇಲೆ ಅವಳ ಮುಖ.

"ಇಷ್ಟು ವರ್ಸ ನನ್ ಮೊಕ ನೋಡಿ ನರಿ ಬಾಯ್ಗೆ ಕುರಿ ಕೊಟ್ಟಿದ್ದು ಸಾಕು, ಇನ್ ಅವಳ್ದು ನೋಡ್ಲಿ," ಎಂದು ಮಾದಮ್ಮ ನಗುತ್ತಿದ್ದಳು.

ಆಮೇಲೆ ಆ ಮನೆಯಲ್ಲಿ ನಗು ಕಡಿಮೆಯಾಯಿತು. ಹೋದ ವರ್ಷ ಮಳೆಗಾಲದಲ್ಲಿ ಮುನಿಲಕ್ಷ್ಮಿಗೆ ನೋವು ಬಂದಾಗ ಬೆಟ್ಟದ ದಾರಿ ಕೊಚ್ಚಿಹೋಗಿತ್ತು. ಜೀಪು ಬಂದದ್ದು ತಡ, ಇಳಿದದ್ದು ಇನ್ನೂ ತಡ. ಮಗು ದಾರಿಯಲ್ಲೇ ಹೋಯಿತು. ಅವಳು ಅಳಲಿಲ್ಲ. ಅಳು ಬಂದರೆ ಹಗುರಾಗುತ್ತಾಳೆ ಎಂದು ಮಾದಮ್ಮ ಕಾದಳು, ಗಂಡ ಗೋವಿಂದರಾಜು ಕಾದ. ಅವಳು ಎದ್ದು ಕುರಿ ಕೂಡುವ ಪಟ್ಟಿ ಗುಡಿಸಿದಳು, ಹಿಟ್ಟು ಬೇಯಿಸಿದಳು, ನೀರು ಹೊತ್ತಳು. ಊರ ಹೆಂಗಸರು ಪಾಪ ಎಂದು ಅವಳ ಮುಖ ನೋಡುವುದನ್ನೇ ಬಿಟ್ಟರು. ಕರಿಯಪ್ಪ ಒಬ್ಬನೇ ತಿಂಗಳು ತಿಂಗಳೂ ಬಂಡೆಯ ಮೇಲಿಂದ ಕೂಗುತ್ತಿದ್ದ. "ಮುನೀ, ಬಾರಮ್ಮ, ಮೊಕ ತೋರ್ಸು." ಆ ಮುಖಕ್ಕೆ ಏನೂ ಆಗಿಲ್ಲ ಎನ್ನುವ ಹಾಗೆ.

ಈ ಸಲದ ರಂಜಾನ್ ಶಿವರಾತ್ರಿ ಕಳೆದು, ಮಾಸಿ ತಿಂಗಳ ಬಿಸಿಲಿನಲ್ಲಿ ಶುರುವಾಯಿತು. ಮುನಿಲಕ್ಷ್ಮಿ ಮತ್ತೆ ಬಸುರಿಯಾಗಿದ್ದಳು, ಹೊಟ್ಟೆ ಆಗಲೇ ಸೀರೆಯ ಮೇಲೆ ಕಾಣುತ್ತಿತ್ತು. ನಂಗವಳ್ಳಿಯಲ್ಲಿ ತರಿ, ಅಂದರೆ ಮಗ್ಗ, ಓಡಿಸುವ ಗೋವಿಂದರಾಜು ವಾರದ ರಜೆಗೆ ಬೆಟ್ಟ ಹತ್ತಿ ಬಂದು ಊಟಕ್ಕೆ ಕೂತವನೇ ಹಳೇ ಮಾತು ಎತ್ತಿದ.

"ಈ ಸಲ ಇವಳ್ನ ಇಲ್ಲಿ ಇರ್ಸಲ್ಲ. ತರಿ ಪಕ್ಕದಲ್ಲೇ ಒಂದು ಬಾಡ್ಗೆ ವೀಡು ನೋಡಿದೀನಿ. ಆಸ್ಪತ್ರೆ ಬಸ್ಟಾಂಡ್ ಇಂದುಗಡೇನೆ. ಎಲ್ರೂ ಓಗಾಣ."

"ಕೂಸು ಉಟ್ಟೋಕ್ ಮುಂಚೆ ಕುಲಾವಿ," ಎಂದಳು ಮಾದಮ್ಮ. "ಕುರಿ ಯಾರು ನೋಡ್ತಾರೆ?"

"ಕುರಿ ಮಾರಾಣ."

"ಮಾರ್ತಾನಂತೆ! ನಿನ್ನ ತರೀಗೆ ಕಟ್ಟಾಕಿ ಮೇಯ್ಸು ನೋಡಾಣ."

"ಓದ್ಸಲ ಏನಾಯ್ತು ಅನ್ನೋದು ಮರ್ತೋಯ್ತಾ ಅವ್ವಾ ನಿಂಗೆ?"

ಮುನಿಲಕ್ಷ್ಮಿ ಹುರುಳಿ ಸಾರು ಬಡಿಸಿದಳು.

ಕರಿಯಪ್ಪ ಗಂಟಲು ಸರಿಮಾಡಿಕೊಂಡ. "ನೀವಿಬ್ರೂ ಓಗ್ರಪ್ಪಾ. ನಾನೂ ನಿಮ್ಮವ್ವನೂ ಇರ್ತೀವಿ. ನನ್ ಕಣ್ಣು ನೆಟ್ಟಗಿರೋಗಂಟ ಕುರಿ ಪಟ್ಟೀಲೇ ಇರ್ಲಿ. ಕಣ್ಣು ಓದ ದಿವ್ಸ ನೀನೇ ಬಂದು ಮಾರು, ನಾ ಬ್ಯಾಡ ಅನ್ನಲ್ಲ."

"ನಿಮ್ಮಿಬ್ರನ್ನ ಬೆಟ್ಟದಲ್ಲಿ ಬಿಟ್ಟು ಇವಳು ಬರಲ್ಲ ಅಂತಾಳೆ. ಕೇಳು ಬೇಕಾದ್ರೆ."

ಮುನಿಲಕ್ಷ್ಮಿ ಮಾವನ ತಟ್ಟೆಯನ್ನು ಒಂದಿಷ್ಟು ತಿರುಗಿಸಿ, ಕಾರದ ಚಟ್ನಿ ಇದ್ದ ಬದಿಯನ್ನು ಅವನ ಬೆರಳ ಕೆಳಗೆ ತಂದಳು. ಅದನ್ನು ಯಾರೂ ಗಮನಿಸಲಿಲ್ಲ. ಕರಿಯಪ್ಪನಿಗೆ ಮಾತ್ರ ಗೊತ್ತಾಯಿತು, ಅವನು ತಲೆ ತಗ್ಗಿಸಿ ತಿಂದ.

ಅವನ ಕಣ್ಣು ಹೋಗುತ್ತಿದೆ ಎಂದು ಅವಳಿಗೆ ದೀಪಾವಳಿಯ ಹೊತ್ತಿಗೇ ಗೊತ್ತಾಗಿತ್ತು. ಆಗ ಅವನು ಉರಿಯುವ ಒಲೆಯ ಪಕ್ಕ ಕೂತು ದೀಪ ಹಚ್ಚಿಲ್ಲವಾ ಎಂದು ಕೇಳಿದ್ದ. ಅವಳು ಯಾರಿಗೂ ಹೇಳಲಿಲ್ಲ. ಯಾಕೆ ಎಂದು ಕೂತು ಯೋಚಿಸಲೂ ಇಲ್ಲ. ಮುಂದೆ ಹೋಗುವ ಕೆಂಪು ಕುರಿಯ ಕೊರಳಿಗೆ ಗಂಟೆ ಕಟ್ಟಿದಳು. ಸೌದೆಯ ನೆಪ ಹೇಳಿ ಅವನ ಹಿಂದೆ ಕಾಡಿಗೆ ನಡೆದಳು. ಸಂಜೆ ಅವನು ಪಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದು ಕುರಿಯ ಬೆನ್ನು ಮುಟ್ಟಿ ಒಳಗೆ ಬಿಡುವಾಗ, ತಪ್ಪಿಸಿಕೊಂಡ ಮರಿಯನ್ನು ಹಿಂದಿನಿಂದ ತಂದು ಅವನ ಕೈಗೆ ತಾಗಿಸಿದಳು. ಅವಳಿಗೆ ಬೆಟ್ಟ ಸಾಕಾಗಿತ್ತು. ಕೆಳಗೆ ಹೋಗಬೇಕು, ಈ ಮಗುವಾದರೂ ಉಳಿಯಬೇಕು ಎಂದು ಅವಳಿಗೂ ಇತ್ತು. ಒಂದೇ ಒಂದು ಮಾತು ಆಡಿದ್ದರೆ ಅದೆಲ್ಲ ಆಗಿಹೋಗುತ್ತಿತ್ತು. ಆ ಒಂದು ಮಾತು ತನ್ನ ಮುಖ ನೋಡಿದವನ ವಿರುದ್ಧದ್ದು ಎಂದು ಅವಳ ನಾಲಿಗೆ ಏಳಲಿಲ್ಲ.

ರಂಜಾನಿನ ಮಧ್ಯದಲ್ಲಿ ಒಂದು ಬೆಳಿಗ್ಗೆ ಮೈಕು ಕಟ್ಟಿಕೊಂಡ ಜೀಪು ಬಂತು. ಕೆಳಗೆ ಕಣ್ಣಿನ ಕ್ಯಾಂಪು, ನೋಡಿಸಿಕೊಳ್ಳುವವರು ಬರಬಹುದು ಎಂದು ತಮಿಳಿನಲ್ಲಿ ಕೂಗಿಕೊಂಡು ಹೋಯಿತು.

"ನಂಗೆ ಅಕ್ಕಿಯಲ್ಲಿ ಉಳ ಕಾಣಲ್ಲ, ನಾನು ಓಗ್ತೀನಿ. ನೀನೂ ಬಾ," ಎಂದಳು ಮಾದಮ್ಮ ಗಂಡನಿಗೆ.

"ನಂಗ್ಯಾಕೆ? ನಾನು ಊರ್ಗೇ ಪಿರೆ ತೋರ್ಸೋನು."

"ಏನೇ ಮುನಿ, ನಿನ್ ಮಾವಂಗೆ ಏಳು."

ಕರಿಯಪ್ಪ ಸೊಸೆಯ ಕಡೆ ತಿರುಗಿದ. ಮುನಿಲಕ್ಷ್ಮಿ ಕೊಡದಿಂದ ಚೆಂಬಿಗೆ ನೀರು ಬಗ್ಗಿಸಿದಳು. "ಬಿಸಿಲು ಜಾಸ್ತಿ ಅತ್ತೆ, ಮಾವ ಯಾಕೆ? ನೀವ್ ಓಗ್ಬುಟ್ ಬನ್ನಿ," ಎಂದಳು. ಮಾದಮ್ಮ ಒಬ್ಬಳೇ ಹೋಗಿ ಕನ್ನಡಕ ಹಾಕಿಕೊಂಡು ಬಂದಳು. ವಾರವೆಲ್ಲ ಎಲ್ಲರ ಬಟ್ಟೆಯ ಕೊಳೆ ಎತ್ತಿ ಆಡಿದಳು.

ಇಪ್ಪತ್ತೊಂಬತ್ತನೇ ದಿನ ಬಂತು. ಜೀಪಿನಿಂದ ದಸ್ತಗೀರ್ ಬಾಯ್ ಇಳಿದರು, ಜೊತೆಗೆ ಮೂವರು ಹಿರಿಯರು, ಮೆಟ್ಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟ ನಿಜಾಮ್. ಗೋವಿಂದರಾಜು ಊರಲ್ಲಿರಲಿಲ್ಲ. ಮಾದಮ್ಮ ಬಂಡೆ ಗುಡಿಸಿ ಚಾಪೆ ಹಾಸಿದ್ದಳು. ಉಪವಾಸ ಬಿಡಲು ಅವರು ತಂದ ನೋಂಬುಗಂಜಿಯ ಪಾತ್ರೆಯನ್ನು ಮುನಿಲಕ್ಷ್ಮಿ ನೆರಳಿಗೆ ಇಟ್ಟು, ಟೀಗೆ ಒಲೆ ಹಚ್ಚಿ ಬಂದಳು.

"ಕರಿಯಣ್ಣಾ, ಕಣ್ಣು ಎಂಗೈತೆ?" ದಸ್ತಗೀರ್ ಬಾಯ್ ಅವನ ಹೆಗಲು ತಟ್ಟಿದರು.

"ಅದ್ಕೇನು ಬಾಯ್, ಐತೆ," ಎಂದ ಕರಿಯಪ್ಪ.

ಹೊತ್ತು ಮುಳುಗಿತು. ಅವರು ಖರ್ಜೂರ ಬಾಯಿಗಿಟ್ಟು ನೀರು ಕುಡಿದರು. ಪಡುವಣದಲ್ಲಿ ಬೂದಿ ಬಣ್ಣದ ತೆಳು ಮೋಡ ಅಡ್ಡ ಮಲಗಿತ್ತು. ಐವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಮುನಿಲಕ್ಷ್ಮಿಯೂ ಟೀ ಲೋಟ ಹಿಡಿದು ನಿಂತಲ್ಲೇ ನೋಡಿದಳು. ಎಡಕ್ಕೆ, ಬಲಕ್ಕೆ, ಮೋಡದ ಮೇಲೆ, ಕೆಳಗೆ. ಏನೂ ಇರಲಿಲ್ಲ. ಬೇರೆ ಊರುಗಳಿಂದಲೂ ಮೋಡ, ಕಾಣಲಿಲ್ಲ ಎಂದೇ ಫೋನು ಬರುತ್ತಿತ್ತು.

"ಪಾಲಮಲೆಯಿಂದ ಏನು ಸುದ್ದಿ ಅಂತ ಎಲ್ಲಾ ಕೇಳ್ತವ್ರೆ," ಎಂದ ನಿಜಾಮ್. ಎಲ್ಲರೂ ಕರಿಯಪ್ಪನ ಕಡೆ ನೋಡಿದರು.

ಕರಿಯಪ್ಪ ಪಡುವಣಕ್ಕೆ ಮುಖ ಎತ್ತಿದ. ಆಮೇಲೆ ವರ್ಷ ವರ್ಷದ ಹಾಗೆ ಕೈ ಎತ್ತಿ, ಹೊತ್ತು ಮುಳುಗಿದ ಜಾಗದಿಂದ ಒಂದು ಗೇಣು ಮೇಲೆ ಬೆರಳು ನಿಲ್ಲಿಸಿದ. "ಅಗೋ. ಕೂದಲೆಳೆ ಅಂಗೈತೆ. ಕೊಂಬು ಮೇಲಕ್ಕೆ."

ಐವರೂ ಆ ಬೆರಳ ತುದಿಗೆ ಕಣ್ಣು ನೆಟ್ಟರು. ಕರಿಯಪ್ಪ ಬೆರಳು ಇಳಿಸಿ ಪದ್ಧತಿಯಂತೆ ಕೂಗಿದ. "ಮುನೀ, ಬಾರಮ್ಮ, ಮೊಕ ತೋರ್ಸು." ತಿರುಗಿ ತುಂಬ ಅಕ್ಕರೆಯಿಂದ ನಕ್ಕ. ಮುನಿಲಕ್ಷ್ಮಿ ಅವನ ಎಡಕ್ಕೆ ನಿಂತಿದ್ದಳು. ಅವನು ನಕ್ಕದ್ದು ಬಲಗಡೆ ಇದ್ದ ಬೇವಿನಮರದ ಬೊಡ್ಡೆಗೆ.

ಅವಳು ಮಾವನ ಕಣ್ಣು ಮಂಜಾಗಿದೆ, ಇನ್ನೂ ಅಷ್ಟಿಷ್ಟು ಕಾಣುತ್ತದೆ ಎಂದುಕೊಂಡಿದ್ದಳು. ಏನೂ ಉಳಿದಿಲ್ಲ ಎಂದು ಆಗ ಗೊತ್ತಾಯಿತು.

"ಆಮಾ, ಕಂಡೆ!" ಎಂದ ನಿಜಾಮ್. "ಅಲ್ಲೇ, ಮೋಡದ ಮೇಲೆ." ಹಿರಿಯರಲ್ಲೊಬ್ಬರು ತಮಗೂ ಏನೋ ಹೊಳೆದಂತಾಯಿತು ಎಂದರು. ದಸ್ತಗೀರ್ ಬಾಯ್ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದರು. ಇಬ್ಬರೂ ಒಂದು ಗೇಣು ಮೇಲೆ, ಕೊಂಬು ಮೇಲಕ್ಕೆ ಎಂದರು. ಎಲ್ಲ ಕೂಡಿತು. ಕೂಡದೆ ಏನು, ಇಬ್ಬರ ಕಿವಿಗೂ ಬಿದ್ದದ್ದು ಒಂದೇ ಮಾತು. ದಸ್ತಗೀರ್ ಬಾಯ್‌ಗೆ ಮಾತ್ರ ಏನೂ ಕಂಡಿರಲಿಲ್ಲ. ಅವರು ಫೋನು ಕೈಯಲ್ಲಿ ಹಿಡಿದು ಇನ್ನೊಮ್ಮೆ ಆಕಾಶ ನೋಡಿದರು.

ಮುನಿಲಕ್ಷ್ಮಿ ಟೀ ಲೋಟಗಳನ್ನು ಚಾಪೆಯ ಮೇಲೆ ಇಟ್ಟಳು. "ಬಾಯ್, ಪಿರೆ ಇಲ್ಲ," ಎಂದಳು.

"ಏನ್ ತಾಯಿ?"

"ನಾನೂ ನೋಡ್ತಿದ್ದೆ. ಅಲ್ಲಿ ಏನೂ ಇಲ್ಲ. ನಮ್ ಮಾವಂಗೆ ಕಣ್ಣು ಕಾಣಲ್ಲ."

"ಏಯ್!" ಎಂದಳು ಮಾದಮ್ಮ ಬಾಗಿಲಿಂದ.

ದಸ್ತಗೀರ್ ಬಾಯ್ ಕರಿಯಪ್ಪನ ಹತ್ತಿರ ಹೋಗಿ ಎದುರು ನಿಂತರು. ಕರಿಯಪ್ಪ ಅವರ ಪಕ್ಕದ ಗಾಳಿಯನ್ನು ನೋಡುತ್ತಿದ್ದ. ಅವರು ನಿಧಾನವಾಗಿ ನಿಜಾಮನ ಕಡೆ ತಿರುಗಿದರು. "ತಂಬಿ, ನಿಜ ಏಳು. ಪಿರೆ ಕಂಡಿಯಾ, ಇವರ ಬೆರಳು ಕಂಡಿಯಾ?"

ನಿಜಾಮ್ ತಲೆ ಬಗ್ಗಿಸಿದ. "ಬೆರಳು," ಎಂದ. ಆ ಹಿರಿಯರೂ ತಮ್ಮ ಮಾತು ವಾಪಸು ತೆಗೆದುಕೊಂಡರು. ದಸ್ತಗೀರ್ ಬಾಯ್ ಫೋನಿನಲ್ಲಿ, ಪಾಲಮಲೆಯಲ್ಲಿ ಕಂಡಿಲ್ಲ, ನಾಳೆ ನೋಂಬು ಎಂದರು. ಬಂಡೆಯ ಮೇಲೆ ನಮಾಜು ಮಾಡಿದರು. ಹೋಗುವಾಗ ಕರಿಯಪ್ಪನ ಎರಡು ಕೈಯನ್ನೂ ಹಿಡಿದುಕೊಂಡು, "ಬರ್ತೀನಣ್ಣಾ," ಎಂದರು. ಹದ್ದಿನ ಕಣ್ಣಿನ ಮಾತು ಈ ಸಲ ಬರಲಿಲ್ಲ.

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಆ ಕೋಪ ಮಾದಮ್ಮನಿಗೆ ಬಂತು, ಬರಬೇಕಾದವನಿಗೆ ಬರಲಿಲ್ಲ.

"ಅಷ್ಟು ಗಂಡಸ್ರ ಎದುರ್ಗೆ ಮಾವನ ಮಾನ ತೆಗ್ದಲ್ಲ, ನಿಂಗೇನು ಸಿಕ್ತು? ನಂಗವಳ್ಳಿ ಮನೆ ಸಿಕ್ತಾ?"

"ಅವ್ರು ಇಡೀ ತಿಂಗ್ಳು ಉಪಾಸ ಮಾಡಿದ್ರು ಅತ್ತೆ."

"ಅವ್ರ ಉಪಾಸ ಅವ್ರು ನೋಡ್ಕೊತಾರೆ! ಒಳಕ್ ಕರ್ದು ಏಳಕ್ಕೆ ಏನಾಗಿತ್ತು ನಿನ್ ಬಾಯ್ಗೆ?"

"ಬುಡೇ, ಇಟ್ಟು ಇಕ್ಕು," ಎಂದ ಕರಿಯಪ್ಪ. ಆ ದಿನ ಅವನ ತಟ್ಟೆಯನ್ನು ಯಾರೂ ತಿರುಗಿಸಲಿಲ್ಲ. ಮುನಿಲಕ್ಷ್ಮಿ ಕೈ ಮುಂದೆ ಚಾಚಿ ಹಿಂದೆ ತೆಗೆದುಕೊಂಡಳು. ಅವನು ಬೆರಳಾಡಿಸಿ ಹುಡುಕಿ, ಕಾರ ಸಿಗದೆ, ಬರೀ ಹಿಟ್ಟು ನುಂಗಿ ಎದ್ದ.

ಮರುದಿನ ಸಂಜೆ ಪಿರೆ ಎಲ್ಲರಿಗೂ ಕಂಡಿತು. ಕುರಿಗಳಿಗೂ ಕಂಡಿರಬೇಕು, ಅಷ್ಟು ದಪ್ಪವಾಗಿತ್ತು. ಕರಿಯಪ್ಪ ಬಂಡೆಗೆ ಹೋಗಲಿಲ್ಲ, ಯಾರನ್ನೂ ಕೂಗಲಿಲ್ಲ. ಹಬ್ಬದ ದಿನ ನಿಜಾಮ್ ದಸ್ತಗೀರ್ ಬಾಯ್ ಮನೆಯಿಂದ ಬಿರಿಯಾನಿಯ ಅಡುಕು ಡಬ್ಬಿ ತಂದು ಬಾಗಿಲಲ್ಲಿ ಇಟ್ಟು, ಮುಖ ಕೊಡದೆ ಹೋದ. ಮಾದಮ್ಮ ಬಡಿಸಿದಳು. ಎಲ್ಲರೂ ತಿಂದರು, ರುಚಿ ಯಾರಿಗೂ ತಿಳಿಯಲಿಲ್ಲ.

ಸುದ್ದಿ ಕೇಳಿ ಗೋವಿಂದರಾಜು ಬಂದ, ಅಪ್ಪನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾಲ್ವರೂ ಹೋದರು. ಡಾಕ್ಟರಮ್ಮ ಕಣ್ಣಿಗೆ ಔಷಧಿ ಬಿಟ್ಟು, ಲೈಟು ಹಾಕಿ ನೋಡಿ, ಕುರ್ಚಿ ಹಿಂದಕ್ಕೆ ತಳ್ಳಿದಳು. ಇದು ಪೊರೆಯಲ್ಲ, ತೆಗೆದು ಹಾಕಲು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ. ಸತ್ತ ನರ ಮತ್ತೆ ಬರುವುದಿಲ್ಲ.

"ಆಪರೇಷನ್ ಮಾಡಿದ್ರೆ?" ಎಂದ ಗೋವಿಂದರಾಜು.

ಪ್ರಯೋಜನವಿಲ್ಲ ಎಂದಳು ಅವಳು. ದೀಪಾವಳಿ ಹೊತ್ತಿಗೆ ಬಂದಿದ್ದರೆ ಆಗ ಇದ್ದಷ್ಟನ್ನು ಉಳಿಸಬಹುದಿತ್ತು, ಮನೆಯಲ್ಲಿ ಯಾರಿಗೂ ತಿಳಿಯಲೇ ಇಲ್ಲವಾ ಎಂದು ಕೇಳಿದಳು.

ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ವರೂ ಸಾಲಾಗಿ ಕೂತರು. ಮಾದಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಮುನೀ, ನಿಂಗೆ ಯಾವತ್ತಿಂದ ಗೊತ್ತಿತ್ತು?"

"ದೀಪಾವಳಿಯಿಂದ."

"ಕ್ಯಾಂಪು ಬಂದಾಗ್ಲೂ ಗೊತ್ತಿತ್ತಾ?"

"ಊಂ."

"ಏಳ್ಬೇಕಾದಾಗ ಬಾಯ್ ಮುಚ್ಕೊಂಡೆ, ಮುಚ್ಕೊಬೇಕಾದಾಗ ಏಳ್ದೆ." ಮಾದಮ್ಮನ ದನಿಯಲ್ಲಿ ಬೈಗುಳ ಇರಲಿಲ್ಲ. ಲೆಕ್ಕ ಒಪ್ಪಿಸಿದ ಹಾಗಿತ್ತು.

ಗೋವಿಂದರಾಜು ಹೆಂಡತಿಯನ್ನು ನೋಡಿದ. ಏನೋ ಅನ್ನಲು ಹೋಗಿ, ಅವಳ ಹೊಟ್ಟೆ ನೋಡಿ, ಟೀ ಲೋಟ ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಮಾವನನ್ನು ಉಳಿಸುತ್ತಿದ್ದೇನೆ ಎಂದುಕೊಂಡು ತಾನೇ ದಿನಾ ಒಂದಿಷ್ಟು ಕತ್ತಲೆ ಮಾಡಿದ್ದಳು. ಆ ಗಂಟೆ, ಆ ತಟ್ಟೆ, ಆ ಸೌದೆಯ ನೆಪ, ಎಲ್ಲ. ಅಳು ಬರಬೇಕಿತ್ತು, ಬರಲಿಲ್ಲ.

"ಅವಳ್ನ ಏನೂ ಅನ್ಬ್ಯಾಡಿ," ಎಂದ ಕರಿಯಪ್ಪ ಬೆಂಚಿನ ತುದಿಯಿಂದ. "ನಾನ್ ಮುಚ್ಚಿಟ್ಟಿದ್ದು. ಅವಳು ನನ್ ಮಾತು ಕೇಳಿದ್ಲು, ಅಷ್ಟೇ." ಮುಚ್ಚಿಡು ಎಂದು ಅವನು ಅವಳಿಗೆ ಯಾವತ್ತೂ ಹೇಳಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಕುರಿ ಮಾರಿದರು. ವ್ಯಾಪಾರಿ ಟೆಂಪೋ ಹತ್ತಿಸುವಾಗ ಕರಿಯಪ್ಪ ಪ್ರತಿಯೊಂದರ ಬೆನ್ನು ಮುಟ್ಟಿ ಕಳಿಸಿದ. ಕೆಂಪು ಕುರಿಯ ಕೊರಳಿನ ಗಂಟೆ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಪಾತ್ರೆ, ಬೀಸುಕಲ್ಲು, ಚಾಪೆ, ಮಾದಮ್ಮನ ಬಾಯಿ, ಎಲ್ಲ ಸೇರಿ ನಂಗವಳ್ಳಿಗೆ ಇಳಿದವು. ತರಿ ಶೆಡ್ಡಿಗೆ ಅಂಟಿಕೊಂಡ ಮನೆ, ಎದುರು ನೀಲಿ ನೀರಿನ ಡ್ರಮ್ಮು. ಹಗಲೆಲ್ಲ ಮಗ್ಗದ ಸದ್ದು.

"ಈ ಸದ್ದಲ್ಲಿ ಬೈದ್ರೆ ಯಾರ್ಗೂ ಕೇಳಲ್ವಲ್ಲೇ," ಎಂದು ಮಾದಮ್ಮ ಗೊಣಗಿದಳು. ಸೊಸೆಯ ಜೊತೆ ಅವಳು ಅಡುಗೆಗೆ ಬೇಕಾದಷ್ಟು ಮಾತು ಮಾತ್ರ ಆಡುತ್ತಿದ್ದಳು. ಉಪ್ಪು ಎಲ್ಲಿ, ನೀರು ಬಂತಾ, ಮಾತ್ರೆ ನುಂಗಿದೆಯಾ.

ಕರಿಯಪ್ಪ ಬಾಗಿಲ ಮುಂದೆ ಕಲ್ಲಿನ ಮೇಲೆ ಕೂತಿರುತ್ತಿದ್ದ. ಒಂದು ಸಂಜೆ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ಬೀದಿಯ ಜನ ಸೆಕೆಗೆ ಹೊರಗೆ ಬಂದರು. ಮುನಿಲಕ್ಷ್ಮಿ ಡ್ರಮ್ಮಿನಿಂದ ಒಂದಿಷ್ಟು ದೂರ ನಿಂತು ಬಟ್ಟೆ ಹಿಂಡುತ್ತಿದ್ದಳು.

"ಮುನೀ," ಎಂದ ಕರಿಯಪ್ಪ. "ಅಮಾಸೆ ಕಳ್ದೈತೆ. ಇವತ್ತು ಪಿರೆ ಕಾಣ್ಬೇಕು. ಕಾಣ್ತದಾ ನೋಡಮ್ಮ."

ಅವಳು ತಲೆ ಎತ್ತಿದಳು. ಎರಡು ಕರೆಂಟು ತಂತಿಗಳ ನಡುವೆ, ಎದುರು ಮನೆಯ ಟ್ಯಾಂಕಿನ ಮೇಲೆ, ಉಗುರು ಕತ್ತರಿಸಿ ಬಿಸಾಕಿದ ಹಾಗೆ ಬಿದ್ದಿತ್ತು.

"ಐತೆ ಮಾವ."

"ಕೊಂಬು?"

"ಮೇಲಕ್ಕೈತೆ."

"ಅಂಗಾದ್ರೆ ಐತೆ." ಅವನು ತಲೆಯಾಡಿಸಿದ. "ನೀನು ಏಳಿದ್ ಮೇಲೆ ಐತೆ. ಇಲ್ದಿರೋದ್ನ ಐತೆ ಅನ್ನೋಳಲ್ಲ ನೀನು." ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಅವಳಿಗೆ ಎದೆಯಲ್ಲಿ ಎಲ್ಲೋ ಹಿಡಿದುಕೊಂಡಂತಾಯಿತು. ಬಹಳ ದಿನಗಳ ಮೇಲೆ ಏನೋ ಒಂದು ನೋಯುತ್ತಿದೆ ಎಂದು ತಿಳಿಯಿತು.

ಕರಿಯಪ್ಪ ಆಕಾಶದಿಂದ ಮುಖ ಇಳಿಸಿದ. "ಬಾರಮ್ಮ, ಮೊಕ ತೋರ್ಸು," ಎಂದು ನೀಲಿ ಡ್ರಮ್ಮಿನ ಕಡೆ ತಿರುಗಿ, ಅದನ್ನೇ ತುಂಬ ಹೊತ್ತು ಅಕ್ಕರೆಯಿಂದ ನೋಡಿದ.

ಮುನಿಲಕ್ಷ್ಮಿ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಸದ್ದಾಗದ ಹಾಗೆ ನಡೆದು, ಡ್ರಮ್ಮಿನ ಮುಂದೆ ಅವನು ನೋಡುತ್ತಿದ್ದ ಕಡೆಗೆ ಹೋಗಿ ನಿಂತಳು.